ಸಣ್ಣ ಡಬ್ಬಿ, ಪೂರ್ತಿ ಊಟ

ಕನ್ನಡ ಸಂಘದ ವಾರ್ಷಿಕ ಸಂಚಿಕೆಯವರು ಫೋನು ಮಾಡಿ, "ನಿಮ್ಮ ಎದುರು ಮನೆಯ ಸರ್ ಬಗ್ಗೆ ಒಂದು ಪುಟ ಬರೆದುಕೊಡಿ ಮೇಡಂ, ಒಂದೇ ಪುಟ" ಎಂದರು. ಆ 'ಒಂದೇ' ಎನ್ನುವುದನ್ನು ಎಷ್ಟು ಒತ್ತಿ ಹೇಳಿದರೆಂದರೆ, ನನ್ನನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಒಂದು ಪುಟದಲ್ಲಿ ನನಗೆ ನೆಂಟರ ಕ್ಷೇಮಸಮಾಚಾರ ಕೇಳಿ ಮುಗಿಸಲಿಕ್ಕೂ ಆಗುವುದಿಲ್ಲ. ಯಾರ ಬಗ್ಗೆ ಬರೆಯಬೇಕೋ ಅವರ ಕೈಗೆ ಒಂದು ಪುಟ ಕೊಟ್ಟಿದ್ದರೆ, ಎರಡು ಸಾಲು ಬರೆದು ಉಳಿದದ್ದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರು ಬದುಕಿಡೀ ಉಳಿಸಿದ ಜಾಗ ಎಲ್ಲಾದರೂ ಇದ್ದೇ ಇದೆಯಲ್ಲ, ಅದರಲ್ಲಿ ಸ್ವಲ್ಪ ನಾನು ಬಳಸಿಕೊಂಡಿದ್ದೇನೆ ಎಂದು ಸಂಪಾದಕರು ತಿಳಿದುಕೊಳ್ಳಲಿ.

ಸರ್ ಹೋದ ಸುದ್ದಿಯನ್ನು ಸೊಲ್ಲಾಪುರದಿಂದ ಅವರ ಮಗಳು ತಿಳಿಸಿದಳು. "ಅಕ್ಕಾ, ಅಪ್ಪ ಹೋದ್ರು. ತ್ರಾಸ ಆಗ್ಲಿಲ್ಲ" ಎಂದಳು. ನಾನು ಅಳುತ್ತಲೇ ಯಾವಾಗ, ಹೇಗೆ, ಊಟ ಮಾಡಿದ್ದರಾ, ಡಾಕ್ಟರು ಬಂದಿದ್ದರಾ, ಕೊನೆಗೆ ಏನಾದರೂ ಹೇಳಿದರಾ ಎಂದೆಲ್ಲ ಕೇಳಿದೆ. "ಮಲಕೊಂಡ್ರು. ಏಳ್ಲಿಲ್ಲ" ಎಂದಳು. ಅಪ್ಪನ ಮಗಳು. ಅಳುತ್ತಲೇ ಇದ್ದ ನನಗೆ ಆ ಹೊತ್ತಿನಲ್ಲಿ ನಗು ಬಂದಿತು, ಏನು ಮಾಡುವುದು.

ಹೆಸರು ಹಾಕುವುದಿಲ್ಲ. ಅವರ ಮನೆಯ ಬಾಗಿಲ ಮೇಲೂ ಹೆಸರಿರಲಿಲ್ಲ, ಫ್ಲಾಟ್ ನಂಬರ್ ಮಾತ್ರ ಇತ್ತು. ನಾನು ಒಮ್ಮೆ, "ಇಷ್ಟು ದೊಡ್ಡ ಪ್ರೊಫೆಸರು, ಒಂದು ಬೋರ್ಡ್ ಹಾಕ್ಬಾರ್ದಾ ಸರ್" ಎಂದು ಕೇಳಿದ್ದಕ್ಕೆ, "ಪೋಸ್ಟಮನ್‌ಗ ಗೊತ್ತೈತಿ" ಎಂದಿದ್ದರು. ಅಲ್ಲಿಗೆ ಆ ವಿಷಯ ಮುಗಿಯಿತು.

ನಾವು ನವಿ ಮುಂಬಯಿಯ ನೆರೂಳಕ್ಕೆ ಮನೆ ಬದಲಾಯಿಸಿದಾಗ ನಮ್ಮವರಿಗೆ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಸಾಮಾನು ಇಳಿಸುವ ಗದ್ದಲಕ್ಕೆ ಎದುರು ಬಾಗಿಲು ತೆರೆಯಿತು. ಉದ್ದನೆಯ, ಸಪೂರ ಮನುಷ್ಯ. ಬಿಳಿ ಅರೆತೋಳಿನ ಅಂಗಿ, ಹೆಗಲ ಮೇಲೊಂದು ಟವೆಲು. ನಮ್ಮ ಹಮಾಲರ ಜೊತೆ ಕನ್ನಡದಲ್ಲಿ ಎರಡು ಮಾತಾಡಿದ್ದು ಕಿವಿಗೆ ಬಿದ್ದದ್ದೇ ತಡ, ನಾನು ಹೋಗಿ ಹಿಡಿದುಕೊಂಡೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಾಲಿನವನು ಮನೆಗೆ ಬರುತ್ತಾನಾ ಅಥವಾ ಕೆಳಗೆ ಹೋಗಬೇಕಾ, ಅಕ್ಕಪಕ್ಕದವರು ಹೇಗೆ, ಗಲಾಟೆ ಏನಾದರೂ ಉಂಟಾ, ಮೊದಲು ನಾವು ಭಾಂಡುಪ್‌ನಲ್ಲಿ ಇದ್ದೆವು, ಅಲ್ಲಿ ಒಬ್ಬಳು ಇದ್ದಳು ಎಂದು ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಮಧ್ಯೆ ಒಂದು ಸಲವೂ ತಡೆಯಲಿಲ್ಲ. ಆಮೇಲೆ ಕನ್ನಡಕ ತೆಗೆದರು. "ನೀರು ಆರಕ್ಕ. ಹಾಲು ಬಾಗಲಕ್ಕ. ಗದ್ದಲ ಇಲ್ಲ" ಎಂದರು. ಕನ್ನಡಕ ಹಾಕಿಕೊಂಡು ನನ್ನನ್ನು ಒಮ್ಮೆ ನೋಡಿದರು. "ಇನ್ನ ಮ್ಯಾಲ ಇರತೈತಿ" ಎಂದರು. ಒಳಗೆ ಹೋದರು.

ನಮ್ಮವರು ಆ ದಿನವೇ ಅವರ ಅಭಿಮಾನಿಯಾದರು.

ಮೂಲ ವಿಜಾಪುರದ ಕಡೆಯವರು. ವಾಶಿಯ ಹತ್ತಿರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ ನಾವು ಬರುವ ಮೊದಲೇ ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಸೊಲ್ಲಾಪುರದಲ್ಲಿದ್ದಳು. ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು, ರೊಟ್ಟಿ ಬಡಿಯುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಾನು ಕೊಟ್ಟ ನೀರುದೋಸೆಯನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿ, "ಆಚೀಕಡಿ ಕಾಣತೈತಿ" ಎಂದರು. ಅದು ಹೊಗಳಿಕೆಯೋ ದೂರೋ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಖಾಲಿ ತಟ್ಟೆ ಹಿಡಿದುಕೊಂಡು ಬಂದು ನಿಂತರು, ಆಗ ತಿಳಿಯಿತು.

ಸೊಸೈಟಿಯ ಮೀಟಿಂಗಿನಲ್ಲಿ ಅವರನ್ನು ನೋಡಬೇಕಿತ್ತು. ತಾರಸಿಯ ನೀರಿನ ಟಾಕಿ ಸೋರಿ ಮೇಲಿನ ಮಹಡಿಯವರ ಗೋಡೆ ಹಾಳಾಗಿತ್ತು. ತಪ್ಪು ಯಾರದು ಎಂದು ಮರಾಠಿಯಲ್ಲಿ ಶುರುವಾದ ಜಗಳ ಹಿಂದಿಗೆ ಹೋಗಿ, ಅಲ್ಲಿಂದ ಯಾರ ತಂದೆ ಏನು ಮಾಡುತ್ತಿದ್ದರು ಎನ್ನುವಲ್ಲಿಗೆ ಬಂದು ತಲುಪಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಇವರು. ಎಲ್ಲರ ಗಂಟಲೂ ಒಣಗಿದ ಮೇಲೆ ಕನ್ನಡಕ ತೆಗೆದು, "ಆಧಿ ಟಾಕಿ. ಮಗ ಭಾಂಡಣ್" ಎಂದರು, ಮೊದಲು ಟಾಕಿ, ಆಮೇಲೆ ಜಗಳ ಎಂದು. ಜನ ಎದ್ದು ಪ್ಲಂಬರನಿಗೆ ಫೋನು ಮಾಡಲು ಹೋದರು. ಟಾಕಿ ರಿಪೇರಿಯಾದ ಮೇಲೆ ಜಗಳ ಮುಂದುವರಿಸುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲ.

ಸಂಘದಲ್ಲಿ ಮಾತ್ರ ಅವರ ಈ ಗುಣ ಒಮ್ಮೆ ಫಜೀತಿ ಮಾಡಿತು. ನಮ್ಮ ಸಂಘಗಳ ಕಾರ್ಯಕ್ರಮ ಗೊತ್ತೇ ಇದೆಯಲ್ಲ, ಸ್ವಾಗತಕ್ಕೆ ಒಬ್ಬರು, ಪ್ರಸ್ತಾವನೆಗೆ ಒಬ್ಬರು, ಅತಿಥಿಯ ಪರಿಚಯಕ್ಕೆ ಒಬ್ಬರು. ಅತಿಥಿ ಬಾಯಿ ತೆರೆಯುವ ಹೊತ್ತಿಗೆ ಹಿಂದಿನ ಸಾಲಿನವರು ಊಟದ ವಾಸನೆ ಹಿಡಿದು ಎದ್ದಾಗಿರುತ್ತದೆ. ಆ ಸಲ ಊರಿನಿಂದ ಬಂದಿದ್ದ ಒಬ್ಬ ಲೇಖಕರ ಪರಿಚಯವನ್ನು ಸರ್‌ಗೆ ವಹಿಸಿದ್ದರು. ಮೈಕಿನ ಮುಂದೆ ಬಂದು, "ಇವರು ಛಲೋ ಬರೀತಾರ. ಓದ್ರಿ. ಬರ್ರಿ ಸರ್" ಎಂದು ಹೇಳಿ ಕುಳಿತರು. ಲೇಖಕರಿಗೆ ಇನ್ನೂ ಶಾಲು ಸರಿಮಾಡಿಕೊಳ್ಳಲು ಆಗಿರಲಿಲ್ಲ. ಅವರ ಮುಖ ಸಪ್ಪಗಾಯಿತು, ಕಾರ್ಯದರ್ಶಿಗಳು ಬೆವರಿದರು. ಆಮೇಲೆ ಸರ್‌ಗೆ ಯಾರ ಪರಿಚಯವನ್ನೂ ಕೊಡಲಿಲ್ಲ. ವಂದನಾರ್ಪಣೆಯನ್ನು ಮಾತ್ರ ಪ್ರತಿ ವರ್ಷ ಅವರಿಗೇ ಕೊಟ್ಟರು, ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತಿತ್ತು.

ಇನ್ನು ನನ್ನ ತಂಗಿ ವೀಣಾಳ ವಿಷಯ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಉಡುಪಿಯಿಂದ ನಾನೇ ಕರೆದುಕೊಂಡು ಬಂದಿದ್ದೆ. ಓದಿಸಿದೆ, ಮಹಾಪೆಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸವೂ ಆಯಿತು. ನಾನು ಆಡುವ ಮಾತಿನಲ್ಲಿ ನೂರಕ್ಕೊಂದು ಪಾಲು ಅವಳದು. ಒಂದು ಸಂಜೆ ಆಫೀಸಿನಿಂದ ನೇರ ಸರ್ ಮನೆಗೇ ಹೋದಳು. ಕೆಲಸದ ವಾರ್ಷಿಕ ವಿಮರ್ಶೆಯಲ್ಲಿ ಅವಳ ಮೇಲಧಿಕಾರಿ 'ಯು ಆರ್ ರೆಟಿಸೆಂಟ್' ಎಂದು ಹೇಳಿದ್ದನಂತೆ. ಸಂತೋಷಪಡಬೇಕಾ ಅಳಬೇಕಾ ಗೊತ್ತಾಗದೆ ಕೇಳಲಿಕ್ಕೆ ಬಂದಿದ್ದಳು. ನಾನು ನಮ್ಮ ಬಾಗಿಲಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದವಳು ಹಾಗೇ ಬುಟ್ಟಿ ಹಿಡಿದುಕೊಂಡು ಒಳಗೆ ನುಗ್ಗಿದೆ.

"ಬೈಗಳ ಅಲ್ಲ. ಹೊಗಳಿಕೀನೂ ಅಲ್ಲ" ಎಂದರು ಸರ್.

"ಕಮ್ಮಿ ಮಾತಾಡುವವಳು ಅಂತ ಹೇಳಿದ್ದಾನೆ, ಅಷ್ಟೇ ತಾನೇ. ನಿಮ್ಮ ಹಾಗೆ" ಎಂದೆ ನಾನು.

"ನಾ ಹಂಗಲ್ಲ. ನಾ ಲಕಾನಿಕ್."

"ಎರಡೂ ಒಂದೇ ಅಲ್ವಾ ಸರ್? ಕನ್ನಡದಲ್ಲಿ ಎರಡಕ್ಕೂ ಮಿತಭಾಷಿ ಅಂದ್ರೆ ಆಯ್ತು."

ಅದು ಅವರಿಗೆ ಎಲ್ಲಿಗೋ ತಾಗಿತು. ನಲವತ್ತು ವರ್ಷ ಪಾಠ ಮಾಡಿದ ಜೀವ. ವೀಣಾಳ ಚೀಲದಿಂದ ಊಟದ ಡಬ್ಬಿ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟರು. ಒಂದೇ ಖಾನೆಯ ಪುಟ್ಟ ಸ್ಟೀಲ್ ಡಬ್ಬಿ. "ಇದು ಸಣ್ಣದು. ಆದ್ರ ಊಟ ಪೂರ್ತಿ. ಉಂಡಾಂವ ಹಸಕೊಂಡು ಏಳಾಂಗಿಲ್ಲ. ಇದು ಲಕಾನಿಕ್" ಎಂದರು. ಆಮೇಲೆ ಮುಚ್ಚಳದ ಮೇಲೆ ಅಂಗೈ ಊರಿ ಗಟ್ಟಿಯಾಗಿ ಹಿಡಿದುಕೊಂಡರು. "ಈಗ ಒಳಗ ಏನೈತಿ? ತಗದು ತೋರಸಂಗಿಲ್ಲ. ಡಬ್ಬಿ ದೊಡ್ಡದಿರಲಿ, ಸಣ್ಣದಿರಲಿ. ಇದು ರೆಟಿಸೆಂಟ್." ಒಬ್ಬ ಹೇಳಬೇಕಾದದ್ದನ್ನೆಲ್ಲ ಹೇಳುತ್ತಾನೆ, ಪದ ಮಾತ್ರ ಕಮ್ಮಿ. ಇನ್ನೊಬ್ಬ ಹೇಳಬಹುದಾದದ್ದನ್ನು ಒಳಗೇ ಇಟ್ಟುಕೊಳ್ಳುತ್ತಾನೆ. ಇಷ್ಟನ್ನು ನಾನು ಬಿಡಿಸಿ ಬರೆಯುತ್ತಿದ್ದೇನೆ, ಅವರು ಡಬ್ಬಿಯಲ್ಲೇ ಮುಗಿಸಿದರು.

"ಹಾಗಾದ್ರೆ ನಾನು ಎಂತದು ಸರ್?" ಎಂದು ಕೇಳಿದೆ, ಕೇಳಬಾರದಿತ್ತು.

"ನೀವು ಕೇಟರಿಂಗ್" ಎಂದರು.

ವೀಣಾ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಅವಳು ಹಾಗೆ ನಗುವುದನ್ನು ನೋಡಿ ಎಷ್ಟೋ ತಿಂಗಳಾಗಿತ್ತು, ಆದ್ದರಿಂದ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಯಾಕೆ ಎಷ್ಟೋ ತಿಂಗಳು ಎಂದರೆ, ಅದಕ್ಕೂ ಮೊದಲು ಠಾಣೆಯ ಒಬ್ಬ ಹುಡುಗನ ಜೊತೆ ಅವಳ ನಿಶ್ಚಿತಾರ್ಥವಾಗಿ, ಮದುವೆಗೆ ಹಾಲ್ ಕೂಡ ನೋಡಿದ ಮೇಲೆ ಮುರಿದುಬಿದ್ದಿತ್ತು. "ಮುರಿಯಿತು ಅಕ್ಕ, ಕೇಳಬೇಡ" ಎಂದಷ್ಟೇ ಹೇಳಿದ್ದಳು. ನಾನು ಕೇಳದೆ ಇರುತ್ತೇನೆಯೇ. ಗೋಗರೆದು ಕೇಳಿದೆ, ಬೈದು ಕೇಳಿದೆ, ಊಟ ಬಿಟ್ಟು ಕೇಳಿದೆ. ಠಾಣೆಯವರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ದೊಡ್ಡ ಮನೆತನ ಸಿಕ್ಕಿರಬೇಕು, ಕೈಬಿಟ್ಟರು ಎಂದು ನಾನೇ ತೀರ್ಮಾನಿಸಿ, ಕೇಳಿದವರಿಗೆಲ್ಲ ಹಾಗೇ ಹೇಳಿಕೊಂಡು ಅವರಿಗೆ ಶಾಪ ಹಾಕುತ್ತ ಬಂದೆ. ವೀಣಾ ಮಾತ್ರ ಇದ್ದ ಒಂದು ಪಾಲು ಮಾತನ್ನೂ ಬಿಟ್ಟು, ಸಂಜೆ ಹೊತ್ತು ಸರ್ ಜೊತೆ ಸೆಕ್ಟರಿನ ತೋಟದಲ್ಲಿ ಎರಡು ಸುತ್ತು ಹಾಕಿ ಬರುತ್ತಿದ್ದಳು. ಇಬ್ಬರೂ ಮಾತಾಡದೆ ನಡೆಯುತ್ತಾರೆ ಎಂದು ನಾನು ತಿಳಿದಿದ್ದೆ.

ಆ ನಿಶ್ಚಿತಾರ್ಥ ಮುರಿದ ಎರಡು ವರ್ಷದ ಮೇಲೆ ಡೊಂಬಿವಲಿಯಿಂದ ಒಂದು ಸಂಬಂಧ ಬಂತು. ತಂದೆಗೆ ಕಲ್ಯಾಣದಲ್ಲಿ ಸಣ್ಣ ಹೋಟೆಲು, ಇಬ್ಬರು ಗಂಡುಮಕ್ಕಳು, ದೊಡ್ಡವನು ಬ್ಯಾಂಕಿನಲ್ಲಿ, ಸಂಬಂಧ ಅವನಿಗೆ. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ನೋಡಲು ಬಂದ ದಿನ ವೀಣಾ ಕಾಫಿ ಕೊಟ್ಟು ಒಳಗೆ ಬಂದವಳು, ಯಾರೂ ಹೇಳದೆ ಎರಡನೇ ಸಲ ಕಾಫಿ ಮಾಡಿದಳು. ನನಗೆ ಅಷ್ಟು ಸಾಕಿತ್ತು. ಮೂವತ್ತೊಂದು ದಾಟಿದ ಹುಡುಗಿ, ಒಮ್ಮೆ ಮುರಿದ ನಿಶ್ಚಿತಾರ್ಥ, ಈಗ ತಾನಾಗಿ ಒಬ್ಬನನ್ನು ಇಷ್ಟಪಟ್ಟಿದ್ದಾಳೆ. ಇದೂ ತಪ್ಪಿದರೆ ಡೊಂಬಿವಲಿಯಿಂದ ಕಲ್ಯಾಣದವರೆಗೆ ಸುದ್ದಿ ಹರಡುತ್ತದೆ, ಆಮೇಲೆ ಯಾರೂ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಹೆದರಿಕೆ.

ನಮ್ಮ ಕಡೆಯವರಲ್ಲಿ ಜಾತಕ ಕೂಡಿದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ. ವಿಚಾರಿಸುವುದು ಎನ್ನುತ್ತೇವೆ. ಹೆಣ್ಣಿನವರ ಪರಿಚಯದ ಒಬ್ಬರ ನಂಬರು ಪಡೆದು ಗಂಡಿನ ತಾಯಿ ಫೋನು ಮಾಡುತ್ತಾಳೆ. ಆ ಫೋನಿಗೆ ಉತ್ತರ ಕೊಡುವುದು ಒಂದು ವಿದ್ಯೆ. ಹುಡುಗಿಯ ಅಡುಗೆಯಿಂದ ಶುರು ಮಾಡಿ, ಹಿರಿಯರ ಮೇಲಿನ ಗೌರವ, ದೇವರ ದೀಪ, ನಡೆ ನುಡಿ ಎಂದು ಕನಿಷ್ಠ ಹತ್ತು ನಿಮಿಷ ಹೊಗಳಬೇಕು. "ಒಳ್ಳೆ ಹುಡುಗಿ" ಎಂದು ಒಂದೇ ಸಲ ಹೇಳಿ ನಿಲ್ಲಿಸಿದರೆ, ಬೇರೆ ಕಡೆ ನೋಡಿ ಎಂದೇ ಅರ್ಥ. ಯಾರೂ ಬಾಯಿಬಿಟ್ಟು ಕೆಟ್ಟದ್ದು ಹೇಳುವುದಿಲ್ಲವಲ್ಲ, ಆದ್ದರಿಂದ ಕೇಳುವವರು ಹೇಳದೆ ಬಿಟ್ಟದ್ದನ್ನೇ ಕೇಳಿಸಿಕೊಳ್ಳುತ್ತಾರೆ. ಇದೆಲ್ಲ ಗೊತ್ತಿದ್ದ ನಾನು, ಪ್ರೊಫೆಸರು ಎಂದರೆ ತೂಕ ಇರುತ್ತದೆ ಎಂದುಕೊಂಡು ಕೊಟ್ಟದ್ದು ಯಾರ ನಂಬರು ಎಂದರೆ, ನಮ್ಮ ಎದುರು ಮನೆಯ ಸರ್‌ದು. ಅವರೇನೂ ನಮ್ಮ ಕಡೆಯವರಲ್ಲ, ಈ ಪದ್ಧತಿ ಅವರಿಗೆ ಗೊತ್ತಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಾರನೇ ದಿನ ಹುಡುಗನ ತಾಯಿ ನನಗೆ ಫೋನು ಮಾಡಿದರು. ದನಿಯಲ್ಲಿ ಮೊದಲಿನ ಬಿಸುಪು ಇರಲಿಲ್ಲ. "ನಿಮ್ಮ ಎದುರು ಮನೆಯವರ ಹತ್ರ ಮಾತಾಡಿದೆ. ಅವರು ಎಂತದೋ ಮುಚ್ಚಿಡ್ತಾ ಇದ್ದಾರೆ ಅಂತ ಕಾಣ್ತದೆ. ನಮಗೆ ಸ್ವಲ್ಪ ಯೋಚನೆ ಮಾಡ್ಲಿಕ್ಕೆ ಸಮಯ ಬೇಕು" ಎಂದರು. ಯೋಚನೆ ಎಂದರೆ ಏನೆಂದು ಈ ವ್ಯವಹಾರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಫೋನು ಇಟ್ಟವಳೇ ಎದುರು ಮನೆಗೆ ಹೋದೆ. ಸರ್ ಪೇಪರು ಓದುತ್ತಿದ್ದರು.

"ಎಂತ ಹೇಳಿದ್ರಿ ಸರ್ ನೀವು ಅವರಿಗೆ?"

"ಹುಡುಗಿ ಹೆಂಗ ಅಂದ್ರು. ನನಗ ಮಗ ಇದ್ದಿದ್ರ ಸೊಸಿ ಮಾಡ್ಕೋತಿದ್ದೆ ಅಂದೆ."

ಒಂದು ಕ್ಷಣ ನನ್ನ ಸಿಟ್ಟು ಎಲ್ಲಿ ಹೋಯಿತೋ. ಹತ್ತು ನಿಮಿಷದ ಹೊಗಳಿಕೆಯನ್ನು ಹಿಂಡಿದರೂ ಇಷ್ಟು ಸಿಗುವುದಿಲ್ಲ. "ಮತ್ತೆ?" ಎಂದೆ.

"ಮೊದಲಿನ ನಿಶ್ಚಯ ಯಾಕ ಮುರೀತು ಅಂದ್ರು. ಅದು ಆಕೀ ಮಾತು, ಆಕೀನ್ನ ಕೇಳ್ರಿ ಅಂದೆ."

"ಅಯ್ಯೋ ಮಾರಾಯ್ರೆ, ನಿಮಗೆ ಗೊತ್ತಿಲ್ಲ ಅಂತ ಆದ್ರೂ ಹೇಳ್ಬಾರ್ದಿತ್ತಾ?"

"ಗೊತ್ತೈತಲ್ಲ."

ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಎರಡು ವರ್ಷ ನಾನು ತಲೆ ಚಚ್ಚಿಕೊಂಡು ಕೇಳಿದ್ದು ಈ ಮನುಷ್ಯರಿಗೆ ಗೊತ್ತಿದೆ. ದಿನಾ ಸಂಜೆ ನಾನು ಬಾಗಿಲಲ್ಲಿ ನಿಂತು ಠಾಣೆಯವರಿಗೆ ಶಾಪ ಹಾಕುವಾಗ ತಲೆಯಾಡಿಸುತ್ತ ಕೇಳಿಕೊಂಡಿದ್ದಾರೆ, ಒಂದು ಮಾತು ಆಡಲಿಲ್ಲ. ನನ್ನ ಬಾಯಿಗೆ ಏನು ಬಂತೋ ಎಲ್ಲ ಅಂದೆ. ನಿಮ್ಮ ಲಕಾನಿಕ್‌ಗೆ ಬೆಂಕಿ ಬೀಳ್ಲಿ, ನಿಮ್ಮ ಡಬ್ಬಿಯನ್ನು ಸಮುದ್ರಕ್ಕೆ ಬಿಸಾಡಿ, ಒಂದು ಹುಡುಗಿಯ ಬದುಕು ಹೋಗ್ತಾ ಉಂಟು, ನಿಮಗೆ ಎರಡು ಮಾತು ಜಾಸ್ತಿ ಆಡಿದ್ರೆ ಗಂಟು ಹೋಗ್ತಿತ್ತಾ ಎಂದೆ. ಅವರು ಪೇಪರು ಮಡಚಿಟ್ಟು ಪೂರ್ತಿ ಕೇಳಿಸಿಕೊಂಡರು. ವೀಣಾ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ.

"ಸರ್‌ಗೆ ಬೈಬೇಡ ಅಕ್ಕ. ಮುಚ್ಚಳ ಹಾಕಿದ್ದು ನಾನು" ಎಂದಳು.

ಸರ್ ಅವಳ ಕಡೆ ತಿರುಗಿ, "ತಗೀತೀಯೇನ್ ಮತ್ತ?" ಎಂದರು.

"ಅವರಿಗೆ ಹೇಳ್ತೇನೆ. ಅಕ್ಕನಿಗೆ ಬೇಡ."

"ಹಂಗಾರ ಡೊಂಬಿವಲಿಗೆ ಹೋಗೂಣು. ರವಿವಾರ."

ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗಿ ವಿವರಣೆ ಕೊಡುವುದು ನಮ್ಮಲ್ಲಿ ಕಂಡು ಕೇಳಿದ್ದಲ್ಲ. ನಾನು ಬೇಡವೆಂದೆ. ವೀಣಾ ಹೋಗಿಯೇ ಸಿದ್ಧ ಎಂದಳು. ನಮ್ಮವರು, "ನೀವು ಮೂರು ಜನ ಹೋಗಿ ಬನ್ನಿ, ನಾನು ಬಂದರೆ ಗುಂಪಾಗ್ತದೆ" ಎಂದು ಕ್ರಿಕೆಟ್ ನೋಡುತ್ತ ಕುಳಿತರು. ನೆರೂಳದಿಂದ ಠಾಣೆಗೆ, ಠಾಣೆಯಲ್ಲಿ ಗಾಡಿ ಬದಲಾಯಿಸಿ ಡೊಂಬಿವಲಿಗೆ. ದಾರಿಯುದ್ದಕ್ಕೂ ನಾನು ಅವಳಿಗೆ ಏನು ಹೇಳಬೇಕು, ಹೇಗೆ ಕೂರಬೇಕು ಎಂದು ಕಲಿಸುತ್ತ ಹೋದೆ. ಏನು ಹೇಳುತ್ತಾಳೆ ಎಂದೇ ಗೊತ್ತಿಲ್ಲದೆ ಹೇಗೆ ಕಲಿಸಿದೆನೋ, ಈಗ ಯೋಚಿಸಿದರೆ ನನಗೇ ಆಶ್ಚರ್ಯ.

ಬಾಗಿಲು ತೆರೆದ ಹುಡುಗನ ತಾಯಿ ನಮ್ಮನ್ನು ನೋಡಿ ಗಡಿಬಿಡಿಯಲ್ಲಿ ಸೆರಗು ಸರಿಮಾಡಿಕೊಂಡರು. ನಮ್ಮ ಮನೆಗಳಲ್ಲಿ ತುಳು, ಆದರೆ ಸರ್ ಇದ್ದಾರೆಂದು ಅವರು ಕನ್ನಡಕ್ಕೆ ಬಂದು, "ಬನ್ನಿ, ಒಳಗೆ ಬನ್ನಿ" ಎಂದರು. ತಂದೆ ಹೋಟೆಲಿನಲ್ಲಿದ್ದರು. ಹುಡುಗ ಎದ್ದು ನಿಂತು ಸರ್‌ಗೆ, "ಚಹಾ ಘೇಣಾರ್ ಕಾ?" ಎಂದ, ಚಹಾ ತಗೊಳ್ತೀರಾ ಎಂದು. "ಹೋ" ಎಂದರು ಸರ್, ಹೌದು ಎಂದು. ಅವರಿಬ್ಬರ ಸಂಭಾಷಣೆ ಅಷ್ಟರಲ್ಲಿ ಸಂಪನ್ನವಾಯಿತು, ಇಬ್ಬರಿಗೂ ಸಮಾಧಾನವಾದಂತೆ ಕಂಡಿತು.

ವೀಣಾ ಹುಡುಗನ ತಾಯಿಗೆ, "ನಿಮ್ಮ ಹತ್ರ ಒಬ್ಬರ ಹತ್ರವೇ ಮಾತಾಡ್ಬೇಕಿತ್ತು" ಎಂದಳು. ಇಬ್ಬರೂ ಅಡುಗೆಮನೆಗೆ ಹೋದರು. ಡೊಂಬಿವಲಿಯ ಆ ಕಾಲದ ಮನೆಯಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಇದ್ದದ್ದು ಒಂದು ಪರದೆ. ಗುಟ್ಟು ಹೇಳಬೇಕೆಂದರೆ ಅಂಥ ಮನೆಯವರು ರೈಲ್ವೆ ಸ್ಟೇಷನ್ನಿನ ಗದ್ದಲಕ್ಕೇ ಹೋಗಬೇಕು. ಒಳಗಿನ ಒಂದೊಂದು ಅಕ್ಷರವೂ ನಮಗೆ ಕೇಳಿತು.

"ಮೊದಲಿನ ಸಂಬಂಧ ಅವರು ಮುರಿದದ್ದಲ್ಲ. ನಾನೇ ಬೇಡ ಅಂದದ್ದು" ಎಂದಳು ವೀಣಾ. "ಮದುವೆ ಆದ ಮೇಲೆ ನನ್ನ ಅಕ್ಕ ಅವರ ಮನೆಗೆ ಬರಬಾರದು ಅಂತ ಶರತ್ತು ಹಾಕಿದ್ರು. ಬಂದ್ರೂ ನಾಲ್ಕು ಜನ ಇರುವಾಗ ಬಾಯಿ ತೆಗೀಬಾರದು, ಅವಳ ಬಾಯಿಗೆ ಹಿಡಿತ ಇಲ್ಲ, ನಮಗೆ ಮರ್ಯಾದೆ ಹೋಗ್ತದೆ ಅಂದ್ರು. ಅಮ್ಮ ಹೋದ ಮೇಲೆ ನಾನು ಊರಿಂದ ಬಂದವಳು ತಿಂಗಳುಗಟ್ಲೆ ಮಾತೇ ಆಡಿರ್ಲಿಲ್ಲ. ಅವಳು ಬೆಳಿಗ್ಗೆ ಎದ್ದಲ್ಲಿಂದ ಮಾತಾಡ್ತಾ ಇರ್ತಿದ್ಳು. ನನ್ನ ಪಾಲಿನದ್ದೂ ಅವಳೇ ಆಡ್ತಿದ್ಳು. ಅದನ್ನು ಕೇಳಿ ಕೇಳಿಯೇ ನಾನು ಎದ್ದು ಕೂತದ್ದು. ಅವಳು ಬಾಯಿ ಮುಚ್ಚಿ ಕೂರುವ ಮನೆಗೆ ನಾನು ಹೋಗೋದಿಲ್ಲ. ನೀವೂ ಹಾಗೆ ಹೇಳೋದಾದ್ರೆ ಈಗಲೇ ಹೇಳಿ."

ನಾನು ಸೋಫಾದ ತುದಿಯಲ್ಲಿ ಕಲ್ಲಾಗಿ ಕುಳಿತಿದ್ದೆ. ಸರ್ ಚಹಾದ ಕಪ್ಪನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು. ಹುಡುಗ ತಲೆ ತಗ್ಗಿಸಿ ಕಾಲಬೆರಳು ನೋಡುತ್ತಿದ್ದ.

ಒಳಗಿನಿಂದ ಆ ತಾಯಿಯ ದನಿ ಬಂತು. "ಇಷ್ಟೆಯಾ? ನಾನು ಎಂತದೋ ಅಂತ ಹೆದರಿಕೊಂಡು ಎರಡು ದಿನ ನಿದ್ದೆ ಮಾಡ್ಲಿಲ್ಲ ಮಾರಾಯ್ತಿ. ಈ ಮನೆಯಲ್ಲಿ ಮೂರು ಗಂಡಸರು. ಬೆಳಿಗ್ಗೆಯಿಂದ ರಾತ್ರಿವರೆಗೆ ಹ್ಞೂಂ, ಊಹೂಂ, ಅಷ್ಟೇ. ಟಿವಿ ಹತ್ರ ನಾನೇ ಮಾತಾಡ್ತೇನೆ. ನಂದೂ ಒಂದು ಶರತ್ತು ಉಂಟು, ನಿನ್ನ ಅಕ್ಕ ವಾರಕ್ಕೊಂದು ಸಲ ಬಂದು ಹೋಗ್ಬೇಕು."

ಪರದೆ ಸರಿಸಿಕೊಂಡು ಹೊರಗೆ ಬಂದವರು ನೇರ ಸರ್ ಮುಂದೆ ನಿಂತರು. "ಇದನ್ನು ನೀವು ಫೋನಲ್ಲೇ ಹೇಳಿದ್ರೆ ಮುಗೀತಿತ್ತಲ್ಲ?" ಎಂದರು.

"ನಂದಾಗಿದ್ರ ಹೇಳ್ತಿದ್ದೆ" ಎಂದರು ಸರ್.

ಆ ತಾಯಿ ನಗುತ್ತ ಒಳಗೆ ಹೋಗಿ, ಪಾಯಸಕ್ಕೆ ಶ್ಯಾವಿಗೆ ಹುರಿಯಲು ಇಟ್ಟರು. ಪಾಯಸ ಕುಡಿದೇ ನಾವು ಹೊರಟೆವು. ಸಂಬಂಧ ನಿಂತಿತು, ಮದುವೆಯೂ ಆಯಿತು, ಅದನ್ನೆಲ್ಲ ಬರೆಯಲು ಹೊರಟರೆ ಸಂಪಾದಕರು ನನ್ನನ್ನು ಸಂಘದಿಂದಲೇ ತೆಗೆದುಹಾಕುತ್ತಾರೆ.

ಹಿಂತಿರುಗುವ ದಾರಿಯ ವಿಷಯ ಮಾತ್ರ ಹೇಳಬೇಕು. ಡೊಂಬಿವಲಿಯಿಂದ ಠಾಣೆಯವರೆಗೆ ನಾನು ಒಂದು ಮಾತೂ ಆಡಲಿಲ್ಲ. ನನಗೆ ನೆನಪಿರುವ ಹಾಗೆ ಅದು ಮೊದಲನೇ ಸಲ. ಎಲ್ಲೆಲ್ಲಿ ಯಾರ ಮುಂದೆ ಎಷ್ಟು ಮಾತಾಡಿದ್ದೇನೆ ಎಂದು ಲೆಕ್ಕ ಹಾಕುತ್ತ, ಇನ್ನು ಮೇಲೆ ಅಳೆದು ತೂಗಿ ಆಡಬೇಕು ಎಂದು ತೀರ್ಮಾನಿಸಿದ್ದೆ. ಠಾಣೆಯಲ್ಲಿ ನೆರೂಳದ ಗಾಡಿ ಹತ್ತಿದೆವು, ರವಿವಾರದ ಸಂಜೆ, ಕುಳಿತುಕೊಳ್ಳಲು ಜಾಗ ಸಿಕ್ಕಿತು. ವೀಣಾ ಬಾಗಿಲ ಹತ್ತಿರ ನಿಂತು ಮೊಬೈಲಿನಲ್ಲಿ ಯಾರ ಜೊತೆಗೋ ಮರಾಠಿಯಲ್ಲಿ ಮಾತಾಡುತ್ತಿದ್ದಳು, ಯಾರೆಂದು ಹೇಳಬೇಕಾಗಿಲ್ಲ. ಸರ್ ನನ್ನ ಎದುರು ಕಿಟಕಿಯ ಪಕ್ಕದಲ್ಲಿದ್ದರು.

"ಸರ್, ಅವಳು ಬೇಡ ಅಂದ್ಳು, ಸರಿ" ಎಂದೆ. "ಎರಡು ವರ್ಷ ದಿನಾ ನನ್ನ ಮುಖ ನೋಡ್ತಿದ್ರಲ್ಲ. ಒಂದು ಸಲವಾದ್ರೂ ನನಗೆ ಹೇಳ್ಬೇಕು ಅಂತ ನಿಮಗೆ ಅನ್ನಿಸ್ಲಿಲ್ವಾ?"

"ಇಲ್ಲ."

"ಯಾಕೆ?"

ಅವರು ಹೊರಗೆ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಹೇಳಿದ್ರ ನೀವು ಮಾತಾಡೂದು ಬಿಡ್ತಿದ್ರಿ, ತಂಗಿ. ಆಮ್ಯಾಲ ಸಂಜೀಮುಂದ ನಾ ಏನ್ ಕೇಳ್ಕೋತ ಕುಂಡರಲಿ?"

ಐರೋಲಿ ಸ್ಟೇಷನ್ ಬಂತು, ಹೋಯಿತು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮನೆಯ ಪರದೆಯ ಬಣ್ಣದಿಂದ ಶುರು ಮಾಡಿ, ನೆರೂಳ ಬರುವವರೆಗೂ ಮಾತಾಡಿದೆ.